ಉಣ್ಣುವ ಹಲ್ಲು, ನುಡಿಸುವ ಹಲ್ಲು

ಮಗು ಹುಟ್ಟಿದಾಗ ಅದರ ಬಲಗೈ ಹೆಬ್ಬೆರಳ ಮೇಲೆ ಒಂದು ಸಣ್ಣ ಗುಳ್ಳೆ ಇತ್ತು. ಹುಟ್ಟಿ ಇನ್ನೂ ಮೈ ಒರೆಸಿ ಮುಗಿದಿರಲಿಲ್ಲ, ಅಷ್ಟರಲ್ಲಿ ಗುಳ್ಳೆ ಎಲ್ಲಿಂದ ಬಂತು ಎಂದು ಅಜ್ಜಿ ಗಾಬರಿಯಾಗಿ ನರ್ಸನ್ನು ಕರೆದಳು. ನರ್ಸು ಆ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ನಕ್ಕಳು.

"ಏನೂ ಆಗಿಲ್ಲಮ್ಮ. ಹೊಟ್ಟೆಯೊಳಗೇ ಬೆರಳು ಚೀಪಿದ್ದಾಳೆ. ಚೀಪಿ ಚೀಪಿ ಗುಳ್ಳೆ ಎದ್ದಿದೆ, ಅಷ್ಟೆ. ತಾನಾಗೇ ಹೋಗುತ್ತೆ."

ಮಂಚದ ಸುತ್ತ ನಿಂತಿದ್ದವರೆಲ್ಲ ಆ ಬೆರಳು ನೋಡಲು ಬಾಗಿದರು. ಕಣ್ಣು ಬಿಡುವ ಮೊದಲೇ, ಉಸಿರೆಳೆಯುವ ಮೊದಲೇ, ಆ ಕತ್ತಲಲ್ಲಿ, ಆ ನೀರಿನಲ್ಲಿ, ಹಿಡಿಯಷ್ಟಿದ್ದ ಈ ಜೀವ ತನ್ನ ಬೆರಳನ್ನು ತಾನೇ ಹುಡುಕಿಕೊಂಡು ಬಾಯಿಗಿಟ್ಟುಕೊಂಡಿತ್ತು. ದಾರಿ ತೋರಿಸಿದವರು ಯಾರು? ಮಗುವಿನ ಅಪ್ಪ, ಲಿಫ್ಟ್ ರಿಪೇರಿ ಮಾಡುವವನು, ದೊಡ್ಡವರು ಎದುರಿಗೆ ಬಂದಾಗ ಮಾಡುವಂತೆ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬಟಾಣಿಯಷ್ಟಿದ್ದಾಗಲೇ ಶುರು ಮಾಡಿಬಿಟ್ಟಿದೀಯಲ್ಲೇ," ಎಂದ. ಅಂದಿನಿಂದ ಅವಳು ಬಟಾಣಿಯಾದಳು.

"ಕಲ್ತುಕೊಂಡೇ ಬಂದಿದಾಳೆ ನನ್ನ ಮೊಮ್ಮಗಳು," ಎಂದು ಅಜ್ಜಿ ಹಿಗ್ಗಿದಳು.

ಅಜ್ಜ ಎಲ್ಲರಿಗಿಂತ ಹೆಚ್ಚು ಹೊತ್ತು ಆ ಬೆರಳನ್ನು ನೋಡಿದ. ಆಮೇಲೆ ತನ್ನ ಬಲಗೈಯನ್ನು ಮೆಲ್ಲಗೆ ಅಂಗಿಯ ಜೇಬಿಗೆ ಇಳಿಬಿಟ್ಟ.

ಹೆತ್ತವಳಿಗೆ ಮಾತ್ರ ಗುಳ್ಳೆ ನೋಡಿ ನಗು ಬರಲಿಲ್ಲ. ಅವಳು ಹಲ್ಲು ಮಾಡುವವಳು. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅವಳ ಲ್ಯಾಬಿನಲ್ಲಿ ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಹಲ್ಲು ಜೋಡಿಸಿ, ಹಲ್ಲುಸೆಟ್ಟು ಮಾಡಿ ಕಳಿಸುತ್ತಾರೆ. ಊರಿನ ಅರ್ಧ ಜನರ ಬಾಯಿ ಅವಳ ಕಪಾಟಿನಲ್ಲಿತ್ತು. ಅದರಲ್ಲಿ ಕೆಲವು ಬಾಯಿಗಳಿಗೆ ಲ್ಯಾಬಿನವರು ಇಟ್ಟ ಹೆಸರು ಹೆಬ್ಬೆರಳ ಬಾಯಿ. ದವಡೆ ಹಲ್ಲು ಕಚ್ಚಿಕೊಂಡರೂ ಮುಂದಿನ ಹಲ್ಲುಗಳು ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಮೊಟ್ಟೆಯಾಕಾರದ ಸಂದು. ಬೆರಳು ಚೀಪಿ ಚೀಪಿ ಬೆಳೆದವರ ಬಾಯಿ ಅದು. ಅಂಥ ಅಚ್ಚು ಬಂದಾಗಲೆಲ್ಲ ಅವಳು ನಾಲಿಗೆ ಲೊಚಗುಟ್ಟುತ್ತಿದ್ದಳು. ಈಗ ತನ್ನ ಮಗಳೇ ಗುಳ್ಳೆ ಸಮೇತ ಹುಟ್ಟಿದ್ದಳು.

ಅಜ್ಜನ ಬಾಯೂ ಅಂಥದ್ದೇ ಆಗಿತ್ತು. ಆದರೆ ಆತ ಅದನ್ನು ಮೀಸೆಯ ಅಡಿಯಲ್ಲಿ ಬಚ್ಚಿಟ್ಟುಕೊಂಡಿದ್ದ. ನಗುವಾಗ ತುಟಿ ಮುಚ್ಚಿಯೇ ನಗುತ್ತಿದ್ದ. ಜೀವನವಿಡೀ ಊರಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿದವನು. ಮದುವೆಯಿರಲಿ, ಅಂಗಡಿ ಉದ್ಘಾಟನೆಯಿರಲಿ, ಶವದ ಮುಂದಿನ ಮೆರವಣಿಗೆಯಿರಲಿ, ಅವನ ಕ್ಲಾರಿನೆಟ್ ದನಿ ಮೂರು ಬೀದಿ ಆಚೆಯಿಂದಲೇ ಗುರುತು ಸಿಗುತ್ತಿತ್ತು. ವಯಸ್ಸಾದಂತೆ ಹಲ್ಲು ಅಲ್ಲಾಡತೊಡಗಿ, ಒಸಡು ಬಾತು, ನುಡಿಸುವಾಗ ರಕ್ತ ಬರತೊಡಗಿತು. ಆತ ರಕ್ತ ಉಗುಳಿ ಮತ್ತೆ ನುಡಿಸುತ್ತಿದ್ದ. ಸೊಸೆ ಬಸುರಿಯಾಗಿದ್ದಾಗ ಒಂದು ಸಂಜೆ ಅದನ್ನು ನೋಡಿಬಿಟ್ಟಳು.

"ಎಲ್ಲಾ ಕೀಳಿಸಿಬಿಡಿ ಮಾವ. ಒಸಡು ಗಟ್ಟಿಯಾಗ್ಲಿ. ನಾನೇ ನನ್ನ ಕೈಯಾರೆ ಸೆಟ್ಟು ಮಾಡಿಕೊಡ್ತೀನಿ," ಎಂದಿದ್ದಳು.

"ನುಡಿಸೋಕಾಗುತ್ತಾ?"

"ಮೊದಲಿಗಿಂತ ಚೆನ್ನಾಗಿ ನುಡಿಸ್ತೀರಿ. ಮಾತು ಕೊಡ್ತೀನಿ."

ಆತ ಆ ಮಾತಿನ ಮೇಲೆ ಬಾಯಿ ತೆರೆದು ಕೂತಿದ್ದ. ಹಲ್ಲು ಕೀಳುವ ಮೊದಲು ಡಾಕ್ಟರಮ್ಮ ತೆಗೆದ ಅಚ್ಚು ಸೊಸೆಯ ಕಪಾಟು ಸೇರಿತು. ಕ್ಲಾರಿನೆಟ್ ಅದರ ಪೆಟ್ಟಿಗೆ ಸೇರಿತು. ಮನೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದೊಂದೇ ಉಳಿಯಿತು. ಅಜ್ಜಿ ಕಿಟಕಿಯ ಪಕ್ಕ ಕೂತು ಊರವರ ಬಟ್ಟೆಗಳನ್ನು ಬಿಗಿ ಮಾಡುವುದು, ಸಡಿಲ ಮಾಡುವುದು ಮಾಡುತ್ತಿದ್ದಳು.

ಬಟಾಣಿಗೆ ಮೂರು ತಿಂಗಳಾಗುತ್ತಿದ್ದಂತೆ ಸೊಸೆ ಮತ್ತೆ ಕೆಲಸಕ್ಕೆ ಹೊರಟಳು. ಹೊರಡುವ ಹಿಂದಿನ ದಿನ ರಬ್ಬರ್ ನಿಪ್ಪಲ್ ತಂದು, ಕುದಿಸಿ, ಮುಚ್ಚಳದ ಡಬ್ಬಿಯಲ್ಲಿಟ್ಟು ಅತ್ತೆಯ ಕೈಗೆ ಕೊಟ್ಟಳು.

"ಅತ್ತೆ, ಬೆರಳು ಬಾಯಿಗೆ ಹೋದ ತಕ್ಷಣ ತೆಗೆದು ಇದನ್ನಿಡಿ."

ಅಜ್ಜಿ ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು. "ಟೈರಿನ ವಾಸನೆ ಬರುತ್ತಲ್ಲೇ."

"ಟೈರಲ್ಲ ಅತ್ತೆ. ಮಕ್ಕಳಿಗೆ ಅಂತಾನೇ ಮಾಡಿರೋದು."

"ದೇವರು ಮಕ್ಕಳಿಗೆ ಅಂತಾನೇ ಮಾಡಿರೋದು ಕೈಯಲ್ಲೇ ಇದೆಯಲ್ಲ. ಕಳೆದುಹೋಗಲ್ಲ, ನೆಲಕ್ಕೆ ಬೀಳಲ್ಲ, ಕುದಿಸೋ ಕೆಲಸ ಇಲ್ಲ. ಅವಳ ಬೆರಳು, ಅವಳ ಬಾಯಿ. ಮಧ್ಯೆ ನಿನ್ನದೇನು?"

"ಕಳೆದುಹೋಗಲ್ಲ ಅನ್ನೋದೇ ನನ್ನ ಭಯ ಅತ್ತೆ. ನಿಪ್ಪಲನ್ನ ಒಂದು ದಿನ ಕಸದ ಬುಟ್ಟಿಗೆ ಹಾಕಬಹುದು. ಬೆರಳನ್ನ ಎಲ್ಲಿ ಹಾಕ್ತೀರಿ?"

ಅಜ್ಜಿಗೆ ಉತ್ತರ ಹೊಳೆಯದಿದ್ದಾಗ ಮಗನ ಕಡೆ ತಿರುಗುವುದು ವಾಡಿಕೆ. "ನೀನೇನು ಹೇಳ್ತೀಯೋ?"

ಮಗ ಬ್ರೆಡ್ಡಿನ ಚೂರನ್ನು ಚಹಾದಲ್ಲಿ ಅದ್ದುತ್ತ, "ಬೆಳಿಗ್ಗೆ ಬೆರಳು, ಮಧ್ಯಾಹ್ನದ ಮೇಲೆ ನಿಪ್ಪಲ್..." ಎಂದು ಶುರು ಮಾಡಿದ. ಇಬ್ಬರೂ ಒಟ್ಟಿಗೆ ಅವನನ್ನು ನೋಡಿದರು. ಎರಡು ಮಹಡಿಯ ನಡುವೆ ನಿಂತ ಲಿಫ್ಟಿನಿಂದ ಜನರನ್ನು ಇಳಿಸುವುದು ಅವನಿಗೆ ಕೈ ಬಂದ ಕೆಲಸ. ತಾನೇ ಸಿಕ್ಕಿಕೊಂಡಾಗ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಮುಂದಿನ ವಾರಗಳೆಲ್ಲ ಆ ನಿಪ್ಪಲಿನ ಸುತ್ತಲೇ ಕಳೆದವು. ಅದು ಮಿಷನ್ನಿನ ಅಡಿಗೆ ಉರುಳಿ ದಾರದ ಚೂರುಗಳನ್ನೆಲ್ಲ ಮೈಗೆ ಮೆತ್ತಿಕೊಂಡು ಗಡ್ಡ ಬಿಟ್ಟ ಮುದುಕನಂತೆ ಹೊರಬರುತ್ತಿತ್ತು. ಒಮ್ಮೆ ಅಜ್ಜಿ ಕುದಿಯಲು ಇಟ್ಟು ಮರೆತಳು. ನೀರು ಬತ್ತಿ, ಪಾತ್ರೆ ಸುಟ್ಟು, ರಬ್ಬರು ಕರಗಿ, ಬೀದಿಯವರೆಗೂ ಕಮರು ವಾಸನೆ ಹರಡಿತು.

"ಬೇಕಂತಲೇ ಮಾಡಿದ್ದು," ಎಂದಳು ಸೊಸೆ ಊಟಕ್ಕೆ ಕೂತಾಗ, ಯಾರ ಮುಖವನ್ನೂ ನೋಡದೆ.

"ಹೌದಮ್ಮ, ನನ್ನ ಒಳ್ಳೇ ಪಾತ್ರೆಯನ್ನ ನಾನೇ ಬೇಕಂತ ಸುಟ್ಟುಕೊಂಡೆ. ನನಗೆ ಬೇರೆ ಕೆಲಸ ಇಲ್ವಲ್ಲ."

"ಬೆಳಿಗ್ಗೆಯಿಂದ ಸಂಜೆವರೆಗೂ ನೀವು ಬೆರಳೇ ಚೀಪಿಸಿದೀರಿ. ಕೈ ನೋಡಿದ್ರೆ ಗೊತ್ತಾಗುತ್ತೆ, ತೊಳೆದ ಬಟ್ಟೆ ಥರ ಬೆಳ್ಳಗಾಗಿದೆ."

"ಮಗು ಅತ್ತಿಲ್ಲ. ಅದು ನಿನಗೆ ಗೊತ್ತಾಗಲ್ಲ. ಬಾಯಲ್ಲಿ ಬೆರಳು, ಕಣ್ಣು ನನ್ನ ಮಿಷನ್ನಿನ ಚಕ್ರದ ಮೇಲೆ. ಏನು ಯೋಚನೆ ಮಾಡ್ತಾಳೋ. ನಾನು ಹೊಲಿಗೆ ನಿಲ್ಲಿಸಿ ನೋಡ್ತಾ ಕೂತ್ಬಿಡ್ತೀನಿ. ನಿನ್ನ ರಬ್ಬರು ಇಟ್ಟರೆ ಥೂ ಅಂತ ಉಗುಳ್ತಾಳೆ."

ಸೊಸೆ ಸೋಲಲಿಲ್ಲ. ಕೈಗೆ ತೊಡಿಸಲು ಸಣ್ಣ ಚೀಲ ಹೊಲಿದುಕೊಡಿ ಎಂದು ಕೇಳಿದಳು. ಅಜ್ಜಿ ಬೇಡ ಎನ್ನಲಿಲ್ಲ. ಮೆತ್ತನೆಯ ಬಟ್ಟೆಯಲ್ಲಿ, ಒಳಗೆ ಹೊಲಿಗೆ ಚುಚ್ಚದಂತೆ ಮಡಚಿ, ಅಂಚಿಗೆ ನೀಲಿ ದಾರ ಕೊಟ್ಟು ಚೆಂದದ ಚೀಲ ಹೊಲಿದಳು. ಸಂಜೆ ಸೊಸೆ ಮನೆಗೆ ಬಂದು ನೋಡಿದರೆ ಚೀಲ ಕೈಯಲ್ಲೇ ಇತ್ತು, ಬೆರಳು ಬಾಯಲ್ಲೇ ಇತ್ತು. ಹೆಬ್ಬೆರಳಿನ ಜಾಗದಲ್ಲಿ ಅಜ್ಜಿ ಗುಂಡಿಯ ಕಾಜಾ ಮಾಡುವಷ್ಟೇ ನೀಟಾಗಿ ಒಂದು ಕಂಡಿ ಬಿಟ್ಟಿದ್ದಳು.

"ಗಾಳಿಯಾಡಲಿ ಅಂತ," ಎಂದಳು ಅಜ್ಜಿ.

ಅಜ್ಜನಿಗೆ ನಗು ತಡೆಯಲಾಗಲಿಲ್ಲ. ಹಲ್ಲಿಲ್ಲದ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ನಕ್ಕ. ಸೊಸೆಗೂ ನಗು ಬಂದಿತ್ತು, ಆದರೆ ತೋರಿಸಿಕೊಳ್ಳಲಿಲ್ಲ.

ಈ ಜಗಳಗಳ ನಡುವೆಯೇ ಅವಳು ಮಾವನ ಸೆಟ್ಟು ಮಾಡುತ್ತಿದ್ದಳು. ಕೆಲಸಕ್ಕೆ ಮರಳಿದ ಮೇಲೆ ಕೈಗೆತ್ತಿಕೊಂಡ ಮೊದಲ ಕೆಲಸವೇ ಅದು. ಬೇರೆಯವರ ಸೆಟ್ಟಿಗೆ ಕೊಡುವ ಹೊತ್ತಿಗಿಂತ ಎರಡರಷ್ಟು ಹೊತ್ತು ಕೊಟ್ಟಳು. ಮಾವನ ಹಳೆಯ ಅಚ್ಚನ್ನು ಕಪಾಟಿನಿಂದ ಇಳಿಸಿ ಒಮ್ಮೆ ನೋಡಿದಳು: ಮುಂದೆ ದೊಡ್ಡ ಸಂದು, ಮೇಲಿನ ಎರಡು ಹಲ್ಲು ಹೊರಕ್ಕೆ ವಾಲಿ, ಒಂದು ಇನ್ನೊಂದಕ್ಕಿಂತ ಚೂರು ಉದ್ದ. ಪಾಪ ಅನ್ನಿಸಿತು. ಜೀವಮಾನವಿಡೀ ತುಟಿ ಮುಚ್ಚಿ ನಕ್ಕ ಮನುಷ್ಯ. ಇವರಿಗೆ ಹುಟ್ಟಿನಿಂದ ಇರಬೇಕಾಗಿದ್ದ ಹಲ್ಲನ್ನು ನಾನು ಕೊಡುತ್ತೇನೆ ಎಂದುಕೊಂಡಳು. ಹಳೆಯ ಅಚ್ಚನ್ನು ಮತ್ತೆ ಕಪಾಟಿಗೇರಿಸಿ, ಸಂದು ಮುಚ್ಚಿ, ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಮೆತ್ತಗೆ ಕೂರುವಂತೆ ಜೋಡಿಸಿದಳು.

ಸೆಟ್ಟು ತೊಟ್ಟುಕೊಂಡು ಅಜ್ಜ ಮನೆಗೆ ಬಂದಾಗ ಅಜ್ಜಿ ಹೊಲಿಗೆ ನಿಲ್ಲಿಸಿ ಎದ್ದು ನಿಂತಳು.

"ಯಾರ್ರೀ ನೀವು? ಮದುವೆ ದಿನಾನೂ ಇಷ್ಟು ಚೆನ್ನಾಗಿರಲಿಲ್ವಲ್ಲ."

ಆತ ತುಟಿ ತೆರೆದು ನಕ್ಕ. ಅಷ್ಟು ವರ್ಷದ ಸಂಸಾರದಲ್ಲಿ ಅಜ್ಜಿ ಆ ನಗುವನ್ನು ನೋಡಿದ್ದು ಅದೇ ಮೊದಲು. ಮಗ ಬೇಯಿಸಿದ ಜೋಳದ ತೆನೆ ತಂದುಕೊಟ್ಟ. ಅಜ್ಜ ಸಾಲು ಹಿಡಿದು ತೆನೆ ಬಿಡಿಸಿ ತಿಂದ. ಸೊಸೆ ಎದುರಿಗೆ ಕೂತು ಒಂದೊಂದು ಕಚ್ಚನ್ನೂ ನೋಡಿದಳು.

"ಈಗ ನುಡಿಸಿ ಮಾವ."

ಆತ ಪೆಟ್ಟಿಗೆ ತೆಗೆದು, ತುಂಡುಗಳನ್ನು ಜೋಡಿಸಿ, ಬಾಯಿಗಿಡುವ ಕಪ್ಪು ಮೌತ್‌ಪೀಸಿಗೆ ರೀಡಿನ ತೆಳು ಪಟ್ಟಿ ಕಟ್ಟಿದ. ಬಾಯಿಗಿಟ್ಟು ಊದಿದ. ಬರೀ ಗಾಳಿ ಬಂತು. ಮತ್ತೆ ಊದಿದ. ಬಾಗಿಲಿನ ಕೀಲು ಕಿರುಗುಟ್ಟಿದಂತೆ ಏನೋ ಒಂದು ಕೇಳಿ ನಿಂತುಹೋಯಿತು.

"ಅಭ್ಯಾಸ ತಪ್ಪಿದೆ," ಎಂದ ಅಜ್ಜ.

ಅಭ್ಯಾಸ ಮಾಡಿದ. ದಿನಾ ಬೆಳಗಿನ ಗಂಜಿ ಕುಡಿದ ಮೇಲೆ ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಊದುತ್ತಿದ್ದ. ಗೋಡೆಯಾಚೆಯ ನೆರೆಯಾಕೆ ಮೊದಮೊದಲು, "ಶುರುವಾಯ್ತಾ ಮತ್ತೆ, ಕೇಳಿ ಎಷ್ಟು ದಿನವಾಯ್ತು," ಎಂದು ಕಿಟಕಿ ತೆರೆದಳು. ಕೆಲವು ದಿನಗಳ ಮೇಲೆ ಮೆಲ್ಲಗೆ ಮುಚ್ಚಿಕೊಂಡಳು. ಸದ್ದು ಬರುತ್ತಲೇ ಇರಲಿಲ್ಲವೆಂದಲ್ಲ. ಬರುತ್ತಿತ್ತು, ಆದರೆ ಅದು ಯಾರದ್ದೋ ಸದ್ದು. ಸೊಸೆ ಸೆಟ್ಟನ್ನು ಲ್ಯಾಬಿಗೆ ಒಯ್ದು ಅಲ್ಲಿ ಉಜ್ಜಿದಳು, ಇಲ್ಲಿ ಉಜ್ಜಿದಳು. ಏನೂ ಬದಲಾಗಲಿಲ್ಲ.

"ಹಲ್ಲು ಒತ್ತುತ್ತಾ ಮಾವ? ಎಲ್ಲಾದ್ರೂ ಸಡಿಲ ಇದೆಯಾ?"

"ಇಲ್ಲಮ್ಮ. ಚಿನ್ನದಂಥ ಹಲ್ಲು. ಕಡಲೆಕಾಯಿ ಕೂಡ ತಿಂತೀನಿ."

"ಮತ್ತೆ ಯಾಕೆ?"

"ಉಸಿರು ಹಳೇದಾಯ್ತು. ಅದಕ್ಕೆ ಸೆಟ್ಟು ಮಾಡೋಕಾಗಲ್ಲ, ಬಿಡು."

ಆತ ಒಂದು ಬಿರುನುಡಿ ಆಡಿದ್ದರೆ ಅವಳಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ರಕ್ತ ಉಗುಳಿಕೊಂಡಾದರೂ ನುಡಿಸುತ್ತಿದ್ದವನ ಹಲ್ಲು ಕೀಳಿಸಿದವಳು ತಾನು. ಮಾತು ಕೊಟ್ಟವಳು ತಾನು. ಊಟದ ಹೊತ್ತಿಗೆ ಮಾವ ಆ ಚೆಂದದ ಹಲ್ಲಿನಿಂದ ಸೇಬು ಕಚ್ಚುವ ಸದ್ದು ಕೇಳಿದರೆ ಅವಳು ತಟ್ಟೆ ಎತ್ತಿಕೊಂಡು ಎದ್ದುಬಿಡುತ್ತಿದ್ದಳು. ಬೆರಳು ನಿಪ್ಪಲಿನ ಜಗಳ ಕೂಡ ಸಪ್ಪೆಯಾಯಿತು. ಅಜ್ಜಿ ಎರಡು ಮಾತು ಹೆಚ್ಚು ಆಡಿದರೂ ಸೊಸೆ ಹೂಂ ಎಂದು ಒಪ್ಪಿಬಿಡುತ್ತಿದ್ದಳು. ಇದು ಅಜ್ಜಿಗೇ ಸರಿಬರಲಿಲ್ಲ.

ಒಂದು ಸಂಜೆ ಅಜ್ಜ ಸಾಮಾನ್ಯ ವಿಷಯ ಹೇಳುವಂತೆ ಹೇಳಿದ: "ಬ್ಯಾಂಡಿಗೆ ಹೊಸ ಹುಡುಗಿ ಬಂದಿದಾಳಂತೆ. ಕಡ ತಂದ ಕ್ಲಾರಿನೆಟ್ ನುಡಿಸ್ತಾಳಂತೆ. ರಜೆ ದಿನ ಬಂದು ನನ್ನದನ್ನ ತಗೊಂಡು ಹೋಗು ಅಂತ ಹೇಳಿಕಳಿಸಿದೀನಿ."

ಅಜ್ಜಿಯ ಕೈ ಚಕ್ರದ ಮೇಲೆ ನಿಂತಿತು. ಮಗ, "ಅಪ್ಪಾ, ಅವಸರ ಯಾಕೆ," ಎಂದ.

"ಪೆಟ್ಟಿಗೆಯಲ್ಲಿಟ್ಟರೆ ಮರ ಬಿರುಕು ಬಿಡುತ್ತೆ ಕಣೋ. ಉಸಿರು ಬೇಕು ಅದಕ್ಕೆ." ಸೊಸೆಯ ಕಡೆ ತಿರುಗಿ, "ನಿನ್ನ ಕೈ ನಾಜೂಕು. ಕೊಡೋ ಮೊದಲು ಒಂದ್ಸಲ ಶುಚಿ ಮಾಡಿಕೊಡಮ್ಮ," ಎಂದ.

ಅವಳು ಮರುದಿನ ಬೆಳಗಿನ ಬೆಳಕಿನಲ್ಲಿ ಚಾಪೆಯ ಮೇಲೆ ಕೂತು ಕ್ಲಾರಿನೆಟ್ಟನ್ನು ಬಿಚ್ಚಿದಳು. ಪಕ್ಕದಲ್ಲಿ ಬಟಾಣಿ ಬೋರಲು ಬಿದ್ದು ಆಡುತ್ತಿದ್ದಳು. ಅವಳಿಗೆ ಆ ವಾರವಷ್ಟೇ ಕೆಳಗಿನ ಎರಡು ಹಲ್ಲು ಮೂಡಿದ್ದವು, ಅಕ್ಕಿಯ ನುಚ್ಚಿನಂತೆ. ಸೊಸೆ ಮೌತ್‌ಪೀಸನ್ನು ಒರೆಸುತ್ತಿದ್ದಾಗ ಬಟ್ಟೆ ಎಲ್ಲೋ ತಡೆಯಿತು. ಬೆಳಕಿಗೆ ಹಿಡಿದಳು. ಮೌತ್‌ಪೀಸಿನ ಮೇಲ್ಭಾಗದಲ್ಲಿ ಎರಡು ಗುಳಿಗಳಿದ್ದವು, ಒಂದು ಇನ್ನೊಂದಕ್ಕಿಂತ ಚೂರು ಆಳ. ಮೇಲಿನ ಹಲ್ಲು ಊರಿ ಊರಿ, ವರ್ಷಗಟ್ಟಲೆ ಒಂದೇ ಜಾಗದಲ್ಲಿ ಊರಿ, ಆ ಗಟ್ಟಿ ವಸ್ತುವನ್ನು ಸವೆಸಿದ್ದವು.

ಬಟಾಣಿ ಕೊಸರಿದಳು. ಸೊಸೆ ಅವಳನ್ನು ಎತ್ತಿಕೊಂಡು, ರೂಢಿಯಂತೆ ಬಾಯಿಂದ ಬೆರಳು ತೆಗೆದಳು. ಒದ್ದೆ ಬೆರಳ ಮೇಲೆ, ಗೆಣ್ಣಿನ ಕೆಳಗೆ, ಎರಡು ಸಣ್ಣ ಗುಳಿಗಳಿದ್ದವು.

ಅವಳು ಎಷ್ಟೋ ಹೊತ್ತು ಒಂದು ಕೈಯಲ್ಲಿ ಮಗುವಿನ ಬೆರಳು, ಇನ್ನೊಂದು ಕೈಯಲ್ಲಿ ಮಾವನ ಮೌತ್‌ಪೀಸು ಹಿಡಿದು ಕೂತಳು. ಗಂಜಿ ಆರುತ್ತಿದೆ ಎಂದು ಅಜ್ಜಿ ಕೂಗಿದ್ದು ಕೇಳಿಸಲಿಲ್ಲ.

ಮೌತ್‌ಪೀಸನ್ನು ಜೊತೆಗಿಟ್ಟುಕೊಂಡು ಲ್ಯಾಬಿಗೆ ಹೋದವಳೇ ಮಾವನ ಹಳೆಯ ಅಚ್ಚನ್ನು ಇಳಿಸಿದಳು. ಮೇಲಿನ ದವಡೆ, ಕೆಳಗಿನ ದವಡೆ ಸೇರಿಸಿ ಹಿಡಿದು, ಮುಂದಿನ ಸಂದಿಗೆ ಮೌತ್‌ಪೀಸನ್ನು ತೂರಿಸಿದಳು. ಒತ್ತಬೇಕಾಗಲಿಲ್ಲ. ಒರೆಗೆ ಕತ್ತಿ ಹೋದಂತೆ ಹೋಗಿ ಕೂತಿತು. ವಾಲಿದ ಎರಡು ಪ್ಲಾಸ್ಟರ್ ಹಲ್ಲು ಎರಡು ಗುಳಿಗಳಲ್ಲಿ ಇಳಿದವು. ಉದ್ದದ್ದು ಆಳದ್ದರಲ್ಲಿ, ಗಿಡ್ಡದ್ದು ಇನ್ನೊಂದರಲ್ಲಿ. ಮೇಜಿನ ಮೇಲಿಟ್ಟು ಕೈ ಬಿಟ್ಟಳು. ಬೀಳಲಿಲ್ಲ. ಪ್ಲಾಸ್ಟರಿನ ಬಾಯಿ ಮೌತ್‌ಪೀಸನ್ನು ತಾನೇ ಕಚ್ಚಿ ಹಿಡಿದುಕೊಂಡಿತ್ತು.

ಅವಳು ಅಷ್ಟು ವರ್ಷ ಲೊಚಗುಟ್ಟುತ್ತಿದ್ದ ಆ ಸಂದು ಖಾಲಿ ಜಾಗವಾಗಿರಲಿಲ್ಲ. ಊರಿನ ಮದುವೆ ಸಾವುಗಳೆಲ್ಲ ಅದರ ಮೂಲಕ ಹಾದುಹೋಗಿದ್ದವು.

ಸಂಜೆ ಊಟಕ್ಕೆ ಕೂತಾಗ ಕೇಳಿದಳು: "ಮಾವ, ಚಿಕ್ಕವರಿದ್ದಾಗ ನೀವು ಬೆರಳು ಚೀಪ್ತಿದ್ರಾ?"

ಅಜ್ಜ ತಟ್ಟೆ ನೋಡುತ್ತ ಆಲೂಗಡ್ಡೆಯನ್ನು ಹಿಸುಕಿದ. ಅಜ್ಜಿ ನಕ್ಕಳು. "ಇವರಾ? ಇವರು ಹುಟ್ಟಿದಾಗಲೇ ಮೀಸೆ ಇಟ್ಟುಕೊಂಡು ಹುಟ್ಟಿದೋರು."

"ಚೀಪ್ತಿದ್ದೆ," ಎಂದ ಅಜ್ಜ.

ಅಜ್ಜಿಯ ನಗು ನಿಂತಿತು. "ಎಷ್ಟು ವರ್ಷದವರೆಗೆ?"

"ಹೇಳೋ ಹಾಗಿಲ್ಲ. ಸ್ಕೂಲಿಗೆ ಹೋಗ್ತಿದ್ದೆ ಅಂದುಕೋ. ನಮ್ಮಮ್ಮ ಕಹಿ ಹಚ್ಚಿದಳು, ಚಿಂದಿ ಸುತ್ತಿದಳು. ಚಿಂದಿ ಸಮೇತ ಚೀಪಿದೆ. ಅಪ್ಪ ಹೊಡೆದ. ಹೊಡೆತ ತಿಂದು ಅಳು ಬಂದರೆ ಸಮಾಧಾನಕ್ಕೆ ಮತ್ತೆ ಅದೇ ಬೆರಳು. ಸ್ಕೂಲಲ್ಲಿ ಎಲ್ಲಾ ಬೆರಳುಗೊಂಬೆ ಅಂತ ಕರೀತಿದ್ರು."

"ಇಷ್ಟು ಕಾಲ ಸಂಸಾರ ಮಾಡಿದೀನಿ. ಒಂದು ಮಾತು ಹೇಳಲಿಲ್ವಲ್ರೀ ನೀವು."

"ಮದುವೆ ಮಾತುಕತೆಯಲ್ಲಿ ಹೇಳೋ ವಿಷಯಾನಾ ಅದು?"

ಮಗ ಬಾಯಿ ತೆರೆದುಕೊಂಡು ಕೇಳುತ್ತಿದ್ದ. "ಮತ್ತೆ ಹೇಗಪ್ಪ ಬಿಟ್ಟೆ?"

"ನಾನೆಲ್ಲಿ ಬಿಟ್ಟೆ? ಬ್ಯಾಂಡಿನ ಮೇಷ್ಟ್ರು ನಮ್ಮ ಬೀದಿಯಲ್ಲೇ ಹುಡುಗರಿಗೆ ಕಲಿಸ್ತಿದ್ರು. ನಾನು ಬಾಗಿಲ ಹತ್ತಿರ ನಿಂತು ಬೆರಳು ಚೀಪ್ತಾ ಕೇಳ್ತಿದ್ದೆ. ಒಂದಿನ ಎದ್ದು ಬಂದರು. ಹೊಡೀತಾರೆ ಅಂದ್ಕೊಂಡೆ. ಬೈಯಲೂ ಇಲ್ಲ. ನನ್ನ ಬೆರಳು ಈಚೆ ತೆಗೆದು, ತಮ್ಮ ಪಂಚೆಯಲ್ಲಿ ಒರೆಸಿ, ಆ ಜಾಗದಲ್ಲಿ ಕ್ಲಾರಿನೆಟ್ ಇಟ್ಟರು. ಊದು ಅಂದರು. ಊದಿದೆ. ಸ್ವರ ಬಂತು."

"ಮೊದಲ ಸಲಕ್ಕೇ?"

"ಮೊದಲ ಸಲಕ್ಕೇ. ಬೇರೆ ಹುಡುಗರಿಗೆ ವಾರಗಟ್ಟಲೆ ಬರೀ ಗಾಳಿ. ಮೇಷ್ಟ್ರು ನನ್ನ ಬಾಯಿ ಬಿಡಿಸಿ ನೋಡಿದರು. ಏನೂ ಹೇಳಲಿಲ್ಲ. ನಾಳೆಯಿಂದ ಬಾ ಅಂದರು. ಆಮೇಲೆ ಬೆರಳಿನ ನೆನಪೇ ಆಗಲಿಲ್ಲ ನನಗೆ."

ಅಜ್ಜಿಯ ತೊಡೆಯ ಮೇಲೆ ಬಟಾಣಿ ಬೆರಳು ಚೀಪುವ ಸದ್ದು, ಬೆಕ್ಕು ಹಾಲು ಕುಡಿದಂತೆ, ಕೇಳುತ್ತಿತ್ತು.

"ಆ ಜಾಗವನ್ನ ನಾನು ಮುಚ್ಚಿಬಿಟ್ಟೆ ಮಾವ," ಎಂದಳು ಸೊಸೆ. ಕಣ್ಣು ತುಂಬಿದ್ದವು. "ನಿಮ್ಮ ಉಸಿರು ಹಳೇದಾಗಿಲ್ಲ. ನಾನು ಅಂದವಾದ ಹಲ್ಲು ಮಾಡಿ ಬಾಗಿಲು ಹಾಕಿಬಿಟ್ಟೆ. ನುಡಿಸೋಕೆ ಅಂತಾನೇ ಇನ್ನೊಂದು ಸೆಟ್ಟು ಮಾಡ್ತೀನಿ. ಆ ಬ್ಯಾಂಡಿನ ಹುಡುಗಿಗೆ ಸ್ವಲ್ಪ ದಿನ ತಡಿ ಅಂತ ಹೇಳಿ."

ಲ್ಯಾಬಿನ ಯಜಮಾನ ಮೊದಲಿಗೆ ಒಪ್ಪಲಿಲ್ಲ. "ಮೇಲೆ ಕೆಳಗೆ ಸೇರದ ಸೆಟ್ಟಾ? ವಾಲಿರೋ ಹಲ್ಲಾ? ಯಾರಾದ್ರೂ ನೋಡಿ ಎಲ್ಲಿ ಮಾಡಿಸಿದ್ದು ಅಂತ ಕೇಳಿದ್ರೆ ನನ್ನ ಗತಿಯೇನು?"

"ಯಾರೂ ನೋಡಲ್ಲ ಸಾರ್. ಕ್ಲಾರಿನೆಟ್ ಕೇಳ್ತಾರೆ, ಅಷ್ಟೆ," ಎಂದಳು.

ಡಾಕ್ಟರಮ್ಮ ಪ್ಲಾಸ್ಟರಿನ ಬಾಯಿ ಕಚ್ಚಿಕೊಂಡಿದ್ದ ಮೌತ್‌ಪೀಸನ್ನು ಸುತ್ತ ತಿರುಗಿಸಿ ನೋಡಿ, "ಮಾಡಿ ನೋಡು. ಊಟಕ್ಕೆ ಮಾತ್ರ ಇದನ್ನ ಹಾಕೋದು ಬೇಡ," ಎಂದಳು.

ಕೆಟ್ಟ ಹಲ್ಲು ಮಾಡುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ಕೈ ತಾನಾಗಿಯೇ ನೇರ ಮಾಡಿಬಿಡುತ್ತಿತ್ತು. ಮೇಣದಲ್ಲಿ ಹಲ್ಲನ್ನು ವಾಲಿಸಿ ಇಡುತ್ತಿದ್ದಳು. ಆಚೆ ಹೋಗಿ ಬಂದು ನೋಡಿದರೆ ತನಗೇ ಗೊತ್ತಿಲ್ಲದೆ ನೆಟ್ಟಗೆ ಮಾಡಿರುತ್ತಿದ್ದಳು. ಕಡೆಗೆ ಮೇಣದ ಸೆಟ್ಟನ್ನೇ ಮನೆಗೆ ತಂದಳು. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಮಾವನನ್ನು ಕೂರಿಸಿ, "ಬಾಯಿಗಿಟ್ಟುಕೊಳ್ಳಿ. ಊದಬೇಡಿ. ಮೌತ್‌ಪೀಸು ಎಲ್ಲಿ ಹೋಗಬೇಕು ಅನ್ನುತ್ತೋ ಅಲ್ಲಿಗೆ ಹೋಗಲಿ," ಎಂದಳು. ಅಜ್ಜ ಕಣ್ಣು ಮುಚ್ಚಿ ಕಚ್ಚಿದ. ಅವಳು ಬಿಸಿ ಚಮಚದಿಂದ ಮೇಣ ತಿದ್ದಿದಳು. ಮತ್ತೆ ಕಚ್ಚಿದ. ಅಜ್ಜಿ ದೀಪ ಹಿಡಿದು ನಿಂತಳು.

"ಇನ್ನೂ ಚೂರು ಮೇಲೆ," ಎಂದಳು ಅಜ್ಜಿ. "ನುಡಿಸುವಾಗ ಇವರ ಎಡ ಹುಬ್ಬು ಏರ್ತಿತ್ತು. ಈಗ ಏರಿಲ್ಲ ನೋಡು."

ಸೊಸೆ ಅತ್ತೆಯ ಮುಖ ನೋಡಿದಳು. ಮೇಣ ತಿದ್ದಿದಳು. ಅಜ್ಜ ಕಚ್ಚಿದ. ಎಡ ಹುಬ್ಬು ಏರಿತು. ಅತ್ತೆ ಸೊಸೆ ಇಬ್ಬರೂ ಉಸಿರು ಬಿಟ್ಟದ್ದು ಒಟ್ಟಿಗೆ.

ಹೊಸ ಸೆಟ್ಟು ಬಂದ ದಿನ ಬಾಗಿಲಲ್ಲಿ ಬ್ಯಾಂಡಿನ ಹುಡುಗಿಯೂ ಬಂದು ನಿಂತಿದ್ದಳು. ಮತ್ತೆ ಮುಂದೂಡುವುದು ಬೇಡ ಎಂದು ಅಜ್ಜನೇ ಬರಹೇಳಿದ್ದ. "ಸ್ವರ ಬಂದರೆ ಚಹಾ ಕುಡಿದು ಹೋಗಲಿ, ಬರದಿದ್ದರೆ ಕ್ಲಾರಿನೆಟ್ ತಗೊಂಡು ಹೋಗಲಿ," ಎಂದಿದ್ದ. ಹುಡುಗಿ ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲ ಹೊರಗೇ ಉಳಿದಳು. ಮೇಜಿನ ಮೇಲೆ ಎರಡು ಬಟ್ಟಲು ನೀರು. ಅಜ್ಜ ಉಣ್ಣುವ ಹಲ್ಲನ್ನು ತೆಗೆದು ಒಂದರಲ್ಲಿ ಹಾಕಿ, ಇನ್ನೊಂದರಿಂದ ನುಡಿಸುವ ಹಲ್ಲನ್ನು ಎತ್ತಿ ತೊಟ್ಟುಕೊಂಡ. ಅವನ ಹಳೆಯ ಮುಖ ಮರಳಿ ಬಂತು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡಳು. ಸೊಸೆ ಬಟಾಣಿಯನ್ನು ಸೊಂಟಕ್ಕೇರಿಸಿ ಗೋಡೆಗೆ ಒರಗಿ ನಿಂತಳು. ಬಟಾಣಿ ಬೆರಳು ಚೀಪುತ್ತಿದ್ದಳು. ಸೊಸೆಗೆ ಅದನ್ನು ತೆಗೆಯುವ ಗ್ಯಾನವಿರಲಿಲ್ಲ.

ಅಜ್ಜ ಊದಿದ.

ಮೊದಲು ಒಂದೇ ಸ್ವರ ಬಂತು, ತಗ್ಗಿನಲ್ಲಿ, ನೆಲದೊಳಗಿಂದ ನೀರು ಒಸರಿದಂತೆ. ಅದು ತುಂಬಿತು, ಅಗಲವಾಯಿತು, ಗೋಡೆಯವರೆಗೆ ಹೋಯಿತು. ಅದು ಬೇರೆ ಯಾರದ್ದೂ ಆಗಿರಲಿಲ್ಲ. ಮೂರು ಬೀದಿ ಆಚೆಯಿಂದಲೇ ಗುರುತು ಸಿಗುತ್ತಿದ್ದ ಆ ದನಿಯೇ. ಆಮೇಲೆ ಸ್ವರಗಳು ಒಂದರ ಹಿಂದೆ ಒಂದು ಇಳಿದು ಬಂದವು. ಗೋಡೆಯಾಚೆ ನೆರೆಯಾಕೆಯ ಕಿಟಕಿ ತೆರೆದುಕೊಂಡ ಸದ್ದು ಕೇಳಿತು. ಹುಡುಗಿ ಯಾರೂ ಹೇಳದೆ ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂತಳು. ಮಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಬಟಾಣಿಯ ಬೆರಳು ಬಾಯಿಂದ ಜಾರಿತು. ಅವಳು ತೆರೆದ ಬಾಯಿ ತೆರೆದಂತೆಯೇ, ಕಣ್ಣು ಮಿಟುಕಿಸದೆ ಕೇಳಿದಳು. ಹೊಟ್ಟೆಯಲ್ಲಿದ್ದಾಗ ಕೇಳಿದ್ದು ನೆನಪಿತ್ತೋ ಏನೋ, ಯಾರು ಬಲ್ಲರು. ಒದ್ದೆ ಬೆರಳು ಗಾಳಿಯಲ್ಲಿ ಹಾಗೇ ನಿಂತಿತ್ತು. ಸೊಸೆಗೆ ಅಳು ಬಂತು. ಅಳುತ್ತಲೇ ಮಾವನ ಹತ್ತಿರ ಹೋದಳು.

ಅಜ್ಜ ಉಸಿರು ತೆಗೆದುಕೊಳ್ಳಲು ಕ್ಲಾರಿನೆಟ್ಟನ್ನು ಬಾಯಿಂದ ಇಳಿಸಿದ. ಆಗ ಬಟಾಣಿ ಮುಂದಕ್ಕೆ ಬಾಗಿ, ಕೈ ಚಾಚಿ, ತನ್ನ ಒದ್ದೆ ಹೆಬ್ಬೆರಳನ್ನು ಅಜ್ಜನ ಬಾಯೊಳಗೆ, ಈಗಷ್ಟೇ ಖಾಲಿಯಾದ ಜಾಗಕ್ಕೆ ಇಟ್ಟುಬಿಟ್ಟಳು.

ಅಜ್ಜ ಬಾಯಿ ಮುಚ್ಚಿದ.

"ಅಯ್ಯೋ, ಕಚ್ಚೀರಿ," ಎಂದು ಅಜ್ಜಿ ಓಡಿಬಂದಳು.

ಬಟಾಣಿ ಅಳಲಿಲ್ಲ. ಅಜ್ಜನ ದವಡೆ ಹಲ್ಲುಗಳು ಬಿಗಿಯಾಗಿ ಕೂಡಿದ್ದವು, ಮುಂದಿನ ಸಂದಿನಲ್ಲಿ ಮೊಮ್ಮಗಳ ಬೆರಳು ಒಂದು ಗೀರೂ ಬೀಳದೆ ನೆಮ್ಮದಿಯಾಗಿ ಕೂತಿತ್ತು. ಅವಳು ಅಜ್ಜನ ಮುಖವನ್ನೇ ನೋಡುತ್ತಿದ್ದಳು. ಅಜ್ಜ ಹಲ್ಲು ಬಿಡಿಸದೆ, ಬೆರಳು ಅಲ್ಲಾಡದಂತೆ, ಸೊಸೆಗೆ ಹೇಳಿದ:

"ಸರಿಯಾಗಿ ಕೂತಿದೆ ನೋಡಮ್ಮ."

ಸೊಸೆ ನೋಡಿದಳು. ಆ ಬೆರಳನ್ನು ತೆಗೆಯಲು ಅವಳು ಕೈ ಎತ್ತಲಿಲ್ಲ.